ಇಬ್ಬನಿ ಬಿದ್ದ ಓಣಿಗೆ ಯಾವ ಟೈರ್? ಎಂಟು ವಾರದ ಕೆಲಸದ ಡೈರಿ

ನಮ್ಮ ಮನೆ ಕೊಡಗಿನ ನಾಪೋಕ್ಲು ಮತ್ತು ಕಕ್ಕಬ್ಬೆ ನಡುವೆ. ತೋಟದ ದಾರಿಯಲ್ಲಿ ಬೆಳಿಗ್ಗೆ ಸೈಕಲ್ ತುಳಿಯುವುದು ನನಗೆ ಆರು ವರ್ಷದ ಅಭ್ಯಾಸ. ಗೇಟಿನಿಂದ ಹೊರಟು ಓಣಿ ಇಳಿದು, ಕೊಲ್ಲಿ (ಸಣ್ಣ ತೊರೆ) ದಾಟಿ, ಗದ್ದೆ ಬದಿಯಲ್ಲೇ ಸಾಗಿ, ಬಾಣೆ (ಗದ್ದೆ ಮೇಲಿನ ದಿಣ್ಣೆ) ಹತ್ತಿ ಟಾರ್ ರಸ್ತೆ ಸೇರಿ ಮನೆಗೆ ಬಂದರೆ 6.4 ಕಿಲೋಮೀಟರ್. ಅದರಲ್ಲಿ ಟಾರ್ ರಸ್ತೆ 2 ಕಿಲೋಮೀಟರ್, ಉಳಿದದ್ದೆಲ್ಲ ಮಣ್ಣು.

ಮಳೆಗಾಲದಲ್ಲಿ ಸೈಕಲ್ ಹೊರಗೆ ತೆಗೆಯುವುದಿಲ್ಲ. ಜಿಗಣೆ ಕಾಟ ಒಂದು ಕಡೆ, ದಾರಿಯೇ ತೋಡಾಗಿ ಹರಿಯುವುದು ಇನ್ನೊಂದು ಕಡೆ. ಬೇಸಿಗೆಯಲ್ಲಿ ನೆಲ ಗಟ್ಟಿ, ಯಾವ ಟೈರಾದರೂ ನಡೆಯುತ್ತದೆ. ತೊಂದರೆ ಇರುವುದು ನವೆಂಬರ್ ಕೊನೆಯಿಂದ ಜನವರಿ ಕೊನೆಯ ತನಕ. ಮಳೆ ನಿಂತಿತು ಅಂತ ನಾವು ಹೊರಡುತ್ತೇವೆ. ಆದರೆ ಮರದ ನೆರಳಿನ ದಾರಿ ಒಣಗಿರುವುದಿಲ್ಲ. ರಾತ್ರಿಯಿಡೀ ಇಬ್ಬನಿ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ನೋಡಿದರೆ ಮೇಲೆ ಒಂದು ಬೆರಳು ದಪ್ಪ ಒದ್ದೆ, ಕೆಳಗೆ ಗಟ್ಟಿ ನೆಲ. ಅಷ್ಟು ಸಾಕು ಜಾರುವುದಕ್ಕೆ.

ಈ ಸಲ ಬಿದ್ದೆ. ಆಮೇಲೆ ಗಾಳಿ, ಟೈರು, ಬ್ರೇಕು ಅಂತ ಒಂದೊಂದಾಗಿ ಹಿಡಿದು ಸರಿ ಮಾಡಿದೆ. ಆ ಹಾದಿಯಲ್ಲಿ 4,700 ರೂಪಾಯಿ ತಪ್ಪು ಜಾಗಕ್ಕೆ ಸುರಿದೆ. ನಮ್ಮ ಕಡೆ ತುಳಿಯುವ ಬೇರೆಯವರಿಗಾದರೂ ಆ ದುಡ್ಡು ಉಳಿಯಲಿ ಅಂತ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಸೈಕಲ್: 27.5 ಇಂಚಿನ ಚಕ್ರ, ಮುಂದೆ 100 ಮಿಲಿಮೀಟರ್ ಸಸ್ಪೆನ್ಷನ್, ಹಿಂದೆ ಸಸ್ಪೆನ್ಷನ್ ಇಲ್ಲ, ಎರಡೂ ಕಡೆ ಕೇಬಲ್ ಡಿಸ್ಕ್ ಬ್ರೇಕ್. ಕೊಂಡಾಗ ಬಂದ 2.1 ಇಂಚು ಅಗಲದ ಟೈರುಗಳೇ ಇದ್ದವು. ನನ್ನ ತೂಕ 74 ಕೆಜಿ.

ನವೆಂಬರ್ 29: ಬಿದ್ದದ್ದು

ಬೆಳಿಗ್ಗೆ ಏಳೂಕಾಲು. ಓಣಿಯ ಎರಡನೇ ತಿರುವು. ಸಿಲ್ವರ್ ಓಕ್ ಎಲೆ ದಪ್ಪಗೆ ಬಿದ್ದಿತ್ತು. ಅದರ ಕೆಳಗೆ ಹಲಸಿನ ಮರದ ಬೇರೊಂದು ದಾರಿಗೆ ಓರೆಯಾಗಿ ಹಾದಿದೆ ಅಂತ ನನಗೆ ಗೊತ್ತೇ ಇತ್ತು. ಆದರೂ ತಿರುವಿನ ಮಧ್ಯೆ ಮುಂದಿನ ಬ್ರೇಕ್ ಒತ್ತಿದೆ. ಮುಂದಿನ ಚಕ್ರ ಎಡಕ್ಕೆ ಜಾರಿತು. ಕಾಲು ಊರುವಷ್ಟು ಹೊತ್ತೂ ಸಿಗಲಿಲ್ಲ.

ಹಿಂದೆ ಬರುತ್ತಿದ್ದ ಅಕ್ಕನ ಮಗ ಸೈಕಲ್ ಬಿಸಾಕಿ ಓಡಿ ಬಂದ. "ಮಾವಾ, ಏಳ್ಬೇಡಿ, ಒಂದ್ನಿಮಿಷ ಹಾಗೇ ಇರಿ" ಅಂದ. ಹದಿನೇಳು ವರ್ಷದ ಹುಡುಗ ನನಗಿಂತ ಸಮಾಧಾನದಲ್ಲಿದ್ದ. ಮೊಣಕೈ ತರಚಿತ್ತು, ಮಣಿಕಟ್ಟು ಊದಿತ್ತು. ಮೂಳೆ ಮುರಿದಿರಲಿಲ್ಲ.

ಎದ್ದ ಮೇಲೆ ಎಲೆ ಸರಿಸಿ ಜಾರಿದ ಗುರುತು ನೋಡಿದೆವು. ತಿರುವಿಗೆ ಬರುವ ಮೊದಲೇ ಒಂದೂವರೆ ಮೀಟರ್ ಉದ್ದಕ್ಕೆ ಕೆಂಪು ಮಣ್ಣಿನ ಮೇಲೆ ನುಣ್ಣನೆಯ ಪಟ್ಟೆ. ಗಾರೆಯವರು ಕರಣೆ ಎಳೆದ ಹಾಗೆ. ಟೈರಿನ ಮೈಮೇಲೆ ಉಬ್ಬಿರುವ ರಬ್ಬರ್ ಗುಬುಟುಗಳಿಗೆ ಬಟನ್ ಅನ್ನುತ್ತೇವೆ, ಒಂದೇ ಒಂದು ಬಟನ್‌ನ ಅಚ್ಚು ಇರಲಿಲ್ಲ. ಅಂದರೆ ಬೇರು ಕೊನೆಯ ನೆಪ ಅಷ್ಟೆ. ಮುಂದಿನ ಟೈರ್ ಅದಕ್ಕೂ ಮುಂಚೆಯೇ ಮಣ್ಣನ್ನು ಹಿಡಿಯುವುದು ಬಿಟ್ಟಿತ್ತು. ಈ ಪಟ್ಟೆಯನ್ನು ಕಣ್ಣಾರೆ ನೋಡಿಯೂ ಮುಂದೆ ನಾನು ಮಾಡಿದ ತಪ್ಪು ನೋಡಿ.

ನವೆಂಬರ್ 30: ಅಳತೆ

ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಸೈಕಲ್ಲನ್ನು ಕಾಫಿ ಕಣದಲ್ಲಿ ತಲೆಕೆಳಗೆ ನಿಲ್ಲಿಸಿದೆ. ವರ್ನಿಯರ್ ಹಿಡಿದು ಅಳೆದದ್ದು ಹೀಗೆ:

ಮುಂದಿನ ಟೈರ್, ನಡುವಿನ ಬಟನ್ ಎತ್ತರ 2.2 ಮಿಮೀ. ಹಿಂದಿನದು 1.4 ಮಿಮೀ.
ಬಟನ್‌ಗಳ ನಡುವಿನ ಸಂದು 5 ಮಿಮೀ.
ರಿಮ್ಮಿನ ಒಳ ಅಗಲ 25 ಮಿಮೀ.
ಹಿಂದಿನ ಫ್ರೇಮಿಗೂ ಟೈರಿಗೂ ನಡುವಿನ ಜಾಗ, ಒಂದೊಂದು ಕಡೆ 8 ಮಿಮೀ. ಮುಂದೆ ಫೋರ್ಕಿನಲ್ಲಿ 14 ಮಿಮೀ.

ರಬ್ಬರ್ ಎಷ್ಟು ಗಟ್ಟಿ ಅಂತ ನೋಡಲು ಹೆಬ್ಬೆರಳಿನ ಉಗುರು ಒತ್ತಿದೆ. ಗುರುತೇ ಬೀಳಲಿಲ್ಲ. ಟೈರ್ ಕಂಪನಿಗಳು ರಬ್ಬರಿನ ಗಡಸನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತವೆ. 42 ಅಂದರೆ ತುಂಬ ಮೆದು, ಕಲ್ಲು ಬೇರಿಗೆ ಅಂಟಿಕೊಳ್ಳುತ್ತದೆ, ಬೇಗ ಸವೆಯುತ್ತದೆ. 60 ಮಾಮೂಲಿ. 70 ದಾಟಿದರೆ ಗಟ್ಟಿ, ಬಾಳಿಕೆ ಜಾಸ್ತಿ, ಹಿಡಿತ ಕಡಿಮೆ. ನನ್ನದರ ಮೇಲೆ ಏನೂ ಬರೆದಿರಲಿಲ್ಲ. ಉಗುರು ಹೇಳಿದ್ದೇ ಸಾಕಾಯಿತು.

ಆಮೇಲೆ ಗಾಳಿ. ನನ್ನ ಪಂಪಿನ ಮುಳ್ಳು 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸುತ್ತಿತ್ತು. ಅನುಮಾನ ಬಂದು 850 ರೂಪಾಯಿಯ ಡಿಜಿಟಲ್ ಗೇಜ್ ತರಿಸಿದೆ. ಅದು ಬಂದ ದಿನ ಹಾಗೇ ಇದ್ದ ಟೈರಿಗೆ ಹಿಡಿದರೆ 44! ಆರು ವರ್ಷ ನಾನು 35 ಅಂದುಕೊಂಡು 45ರ ಹತ್ತಿರ ತುಳಿದಿದ್ದೇನೆ. ಪಂಪಿನ ಮುಳ್ಳನ್ನು ನಂಬಬೇಡಿ. ಈ ಇಡೀ ಕೆಲಸದಲ್ಲಿ ಮೊದಲು ಕೊಳ್ಳಬೇಕಾದ ಸಾಮಾನು ಗೇಜ್.

ಹೋಲಿಸಿ ನೋಡಲು ಒಂದು ಪರೀಕ್ಷೆಯನ್ನೂ ಗೊತ್ತು ಮಾಡಿಕೊಂಡೆ. ಗೇಟಿನಿಂದ ಇಳಿಜಾರಿನಲ್ಲಿ ತುಳಿಯದೆ 20 ಮೀಟರ್ ಬಿಡುವುದು. ಅಲ್ಲಿ ಸುಣ್ಣದ ಗೆರೆ. ಗೆರೆ ಮುಟ್ಟಿದ ಕೂಡಲೇ ಎರಡೂ ಬ್ರೇಕ್ ಹಿಡಿಯುವುದು. ನಿಂತ ಜಾಗದ ತನಕ ಟೇಪ್ ಹಿಡಿದು ಅಳೆಯುವುದು. ಬೆಳಿಗ್ಗೆ ಏಳೂವರೆಗೆ, ಒದ್ದೆ ಕೆಂಪು ಮಣ್ಣಿನಲ್ಲಿ, ಮೂರು ಸಲ ಮಾಡಿ ಸರಾಸರಿ. ಹಳೆ ಟೈರ್, 45 ಪಿಎಸ್‌ಐ: 9.2 ಮೀಟರ್.

ಡಿಸೆಂಬರ್ 3: ಗಾಳಿ ಇಳಿಸಿದ್ದು, ಅತಿಯಾಗಿ ಇಳಿಸಿದ್ದು

ಖರ್ಚಿಲ್ಲದ ಕೆಲಸ ಮೊದಲು. 45ರಿಂದ 30ಕ್ಕೆ ಇಳಿಸಿದೆ. ಅದೇ ಟೈರ್, ಅದೇ ಇಳಿಜಾರು, 7.6 ಮೀಟರಿಗೆ ನಿಂತಿತು. ಕೈಗೆ ಬರುವ ಅದುರು ಕೂಡ ಕಡಿಮೆಯಾಯಿತು. 25ಕ್ಕೆ ಇಳಿಸಿದೆ, ಇನ್ನೂ ಚೆನ್ನಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಖುಷಿಯಲ್ಲಿ 20 ಮಾಡಿದೆ.

ಓಣಿಯ ಕೆಳಗೆ ಮೂರು ಕಲ್ಲಿನ ಮೆಟ್ಟಿಲು ಇವೆ. ಮೊದಲನೆಯದಕ್ಕೆ ಮುಂದಿನ ಚಕ್ರ ಇಳಿದಾಗ 'ಟಣ್' ಅಂತ ಸದ್ದು. ರಿಮ್ ಸೀದಾ ಕಲ್ಲಿಗೆ ಬಡಿದಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಗಾಳಿ ಖಾಲಿ. ಮನೆಗೆ ತಳ್ಳಿಕೊಂಡು ಬಂದು ಟ್ಯೂಬ್ ಬಿಚ್ಚಿದರೆ ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಗುರುತಿನ ಹಾಗೆ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಿಂಡಿದರೆ ಹೀಗೇ ಆಗುತ್ತದೆ. ಪ್ಯಾಚ್ ಹಾಕಿದೆ, ನಿಲ್ಲಲಿಲ್ಲ. ಹೊಸ ಟ್ಯೂಬ್ 320 ರೂಪಾಯಿ.

ಟ್ಯೂಬ್ ಇರುವಾಗ ನನ್ನ ತೂಕಕ್ಕೆ ಮುಂದೆ 28, ಹಿಂದೆ 30 ಸರಿಹೋಯಿತು. ನಿಮ್ಮ ತೂಕ 60 ಕೆಜಿ ಇದ್ದರೆ ಇನ್ನೂ ಎರಡು ಮೂರು ಇಳಿಸಿ ನೋಡಬಹುದು. ಒಂದೊಂದೇ ಪಿಎಸ್‌ಐ ಇಳಿಸಿ, ಒಂದೇ ಸಲ ಐದು ಬೇಡ.

ಡಿಸೆಂಬರ್ 10: ತಪ್ಪು ಟೈರ್, ತಪ್ಪು ಚಕ್ರಕ್ಕೆ

ಇದು ದೊಡ್ಡ ತಪ್ಪು. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಬಾಣೆ ಹತ್ತುವಾಗ ಹಿಂದಿನ ಚಕ್ರ ಗಿರ್ರನೆ ಸುತ್ತುತ್ತಿತ್ತು. ಕಣ್ಣಿಗೆ ಕಾಣುವ ತೊಂದರೆ ಅದೇ. ಹೊಸ ಟೈರ್ ಹಿಂದಕ್ಕೇ ಹಾಕಬೇಕು ಅಂತ ನಿರ್ಧಾರ ಮಾಡಿಬಿಟ್ಟೆ. ಬಿದ್ದದ್ದು ಮುಂದಿನ ಚಕ್ರ ಜಾರಿ ಅನ್ನುವುದನ್ನು ಮರೆತೇಬಿಟ್ಟಿದ್ದೆ. ಅಗಲ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ ಅಂತ ಬೇರೆ ತಲೆಯಲ್ಲಿತ್ತು. ಅಂಗಡಿಯಲ್ಲಿ "ಎಲ್ಲಾದಕ್ಕೂ ಆಗುತ್ತೆ ಸರ್" ಅಂದರು. 27.5 x 2.35, ಸಣ್ಣ ಸಣ್ಣ ಬಟನ್ ಒತ್ತೊತ್ತಾಗಿ ಇರುವ ಟೈರ್. 2,800 ರೂಪಾಯಿ ಕೊಟ್ಟೆ.

ಟೈರ್ ಕೂರಿಸಿ ಗಾಳಿ ತುಂಬಿ ನೋಡಿದರೆ ಫ್ರೇಮಿಗೂ ಟೈರಿಗೂ ನಡುವೆ ಉಳಿದದ್ದು 4 ಮಿಮೀ. ಅಳೆದ ಲೆಕ್ಕ ನನ್ನ ಕೈಯಲ್ಲೇ ಇತ್ತು. ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಲಿಲ್ಲ.

ಮೊದಲ ಅರ್ಧ ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಕೊಲ್ಲಿ ದಾಟಿ ಗದ್ದೆ ಬದಿಗೆ ಬಂದೆ. ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದು ಕೊಯ್ಲು ನಡೆಯುತ್ತಿತ್ತು. ಏರಿಯ ಮೇಲೆ ಜನ ಓಡಾಡಿ ಜೇಡಿಮಣ್ಣು ಹಿಟ್ಟು ಕಲಸಿದ ಹಾಗಾಗಿತ್ತು. ಆ ಮಣ್ಣು ಬಟನ್‌ಗಳ ಸಂದಿಗೆ ಹೊಕ್ಕಿತು, ಹೊರಗೆ ಬರಲೇ ಇಲ್ಲ. ಅದರ ಮೇಲೆ ಎಲೆ ಅಂಟಿತು, ಒಣ ಹುಲ್ಲು ಅಂಟಿತು. ಇಪ್ಪತ್ತು ಮೀಟರಿನಲ್ಲಿ ಟೈರೇ ಕಾಣದ ಹಾಗಾಯಿತು. ಆಮೇಲೆ ಫ್ರೇಮಿನ ಸಂದಿಯಲ್ಲಿ ಮಣ್ಣು ಗಚ್ಚಾಗಿ ಚಕ್ರ ನಿಂತೇ ಹೋಯಿತು. ಕಾಫಿ ಗಿಡದ ಕಡ್ಡಿ ಮುರಿದುಕೊಂಡು ಒಂದೊಂದೇ ಸಂದು ಕೆರೆದೆ. ಐದು ನಿಮಿಷ ಕೆರೆದು ಐವತ್ತು ಮೀಟರ್ ಹೋದರೆ ಮತ್ತೆ ಅದೇ ಕಥೆ. ಮನೆಗೆ ಬಂದು ತೊಳೆದಾಗ ಫ್ರೇಮಿನ ಬಣ್ಣ ಎರಡು ಕಡೆ ಉಜ್ಜಿ ಹೋಗಿತ್ತು.

ಅವತ್ತೇ ಆ ಟೈರ್ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಹಳೆಯ 2.1 ಟೈರನ್ನೇ ಹಿಂದಕ್ಕೆ ವಾಪಸ್ ಹಾಕಿದೆ. ಫ್ರೇಮಿನಲ್ಲಿ ಒಂದೊಂದು ಕಡೆ 6 ಮಿಮೀ ಆದರೂ ಜಾಗ ಉಳಿಯದಿದ್ದರೆ ನಮ್ಮ ಮಣ್ಣಿಗೆ ಆ ಟೈರ್ ಬೇಡ.

ರಾತ್ರಿ ಕೂತು ಯೋಚಿಸಿದಾಗ ವಿಷಯ ತಲೆಗೆ ಹೋಯಿತು. ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ಆಡಿಸುತ್ತದೆ, ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಮುಂದಿನದು ಜಾರಿದರೆ ನೇರ ನೆಲ. ದುಡ್ಡು ಒಂದೇ ಟೈರಿಗೆ ಇದ್ದರೆ ಅದು ಮುಂದಿನದಕ್ಕೇ ಹೋಗಬೇಕು. ಹಿಂದಿನದು ಎಷ್ಟೇ ಸವೆದಿರಲಿ.

ಡಿಸೆಂಬರ್ 17: ಬ್ರೇಕ್ ಹಾಳು ಮಾಡಿದ್ದು

ಮಣ್ಣು ತೊಳೆದ ಮೇಲೆ ಚೈನಿಗೆ ಎಣ್ಣೆ ಸ್ಪ್ರೇ ಮಾಡಿದೆ. ಚಕ್ರ ತಿರುಗಿಸುತ್ತ ಮಾಡಿದ್ದರಿಂದ ಕಡ್ಡಿಗಳ ಸಂದಿಯಿಂದ ಹಾರಿ ಆ ಕಡೆಯ ಡಿಸ್ಕಿಗೂ ಬಿತ್ತು. ಗೊತ್ತಾಗಲಿಲ್ಲ. ಮಾರನೇ ದಿನ ಹಿಂದಿನ ಬ್ರೇಕ್ ಹಿಡಿದರೆ ಕಿರುಚುತ್ತದೆ, ನಿಲ್ಲುವುದಿಲ್ಲ. ಸ್ಪಿರಿಟ್‌ನಲ್ಲಿ ಡಿಸ್ಕ್ ಒರೆಸಿದೆ, ಅದು ಸರಿಹೋಯಿತು. ಪ್ಯಾಡನ್ನು ಉಪ್ಪುಕಾಗದದಲ್ಲಿ ಉಜ್ಜಿದೆ, ಎರಡು ದಿನ ಪರವಾಗಿಲ್ಲ ಅನ್ನಿಸಿ ಮತ್ತೆ ಕಿರುಚಲು ಶುರು. ಎಣ್ಣೆ ಕುಡಿದ ಪ್ಯಾಡ್ ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಹೊಸದು 450, ಸ್ಪಿರಿಟ್ 180.

ಒದ್ದೆಗೆ ಲೋಹದ ಪ್ಯಾಡ್ ಒಳ್ಳೆಯದು, ಬೇಗ ಸವೆಯುವುದಿಲ್ಲ ಅಂತ ಅದನ್ನೇ ತರಿಸಲು ಹೊರಟಿದ್ದೆ. ಡಿಸ್ಕಿನ ಮೇಲೆ ಸಣ್ಣ ಅಕ್ಷರದಲ್ಲಿ 'ರೆಸಿನ್ ಪ್ಯಾಡ್ ಮಾತ್ರ', ಅಂದರೆ ರಾಳ ಬೆರೆಸಿ ಮಾಡಿದ ಮೆದು ಪ್ಯಾಡ್ ಮಾತ್ರ ಅಂತ ಬರೆದಿರುವುದು ಅಕ್ಕನ ಮಗನ ಕಣ್ಣಿಗೆ ಬಿತ್ತು. ಅಂಥ ಡಿಸ್ಕಿಗೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದು ಹೋಗುತ್ತದೆ. ನಿಮ್ಮದರ ಮೇಲೂ ಒಮ್ಮೆ ನೋಡಿ. ರೆಸಿನ್ ಪ್ಯಾಡೇ ಹಾಕಿದೆ. ಇಳಿಜಾರಿನಲ್ಲಿ ಇಪ್ಪತ್ತು ಸಲ ನಿಧಾನಕ್ಕೆ ಬ್ರೇಕ್ ಹಿಡಿದು ಬಿಟ್ಟು ಹದ ಮಾಡಿದೆ. ಎಣ್ಣೆಯನ್ನು ಈಗ ಚೈನಿನ ಗೊಣಸಿಗೆ ಒಂದೊಂದೇ ತೊಟ್ಟು ಬಿಡುತ್ತೇನೆ. ಸ್ಪ್ರೇ ಡಬ್ಬಿ ಗೇಟಿನ ತಿರುಗಣೆಗೆ.

ಡಿಸೆಂಬರ್ 23: ಮುಂದಿನ ಟೈರ್

ಈ ಸಲ ಕೊಳ್ಳುವ ಮೊದಲು ದಾರಿಯನ್ನು ನಡೆದು ನೋಡಿದೆ. ಸೈಕಲ್ ಇಲ್ಲದೆ, ಪುಸ್ತಕ ಪೆನ್ನು ಹಿಡಿದು. ಎಲ್ಲೆಲ್ಲಿ ಜಾರುತ್ತದೆ, ಅಲ್ಲಿ ಏನಿದೆ ಅಂತ ಬರೆದುಕೊಂಡೆ. ಒಟ್ಟು ಹತ್ತೊಂಬತ್ತು ಜಾಗ. ಹನ್ನೊಂದರಲ್ಲಿ ಕೆಂಪು ಅಂಟು ಮಣ್ಣು, ಮೇಲೆ ಎಲೆ ಇದ್ದೋ ಇಲ್ಲದೆಯೋ. ಐದರಲ್ಲಿ ಬೇರು. ಮೂರು ಕಡೆ ಪಾಚಿ ಹಿಡಿದ ಕಲ್ಲು.

ಮಣ್ಣಿಗೆ ಬೇಕಾದದ್ದು ಎತ್ತರದ ಬಟನ್, ನಡುವೆ ಧಾರಾಳ ಸಂದು. ಬಟನ್ ಎಲೆಯನ್ನು ತೂರಿ, ಮೇಲಿನ ಲೊಳಲೊಳ ಮಣ್ಣನ್ನೂ ತೂರಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು. ಸಂದು ದೊಡ್ಡದಿದ್ದರೆ ಚಕ್ರ ತಿರುಗುವಾಗ ಮಣ್ಣು ತಾನೇ ಕಳಚಿ ಹಾರುತ್ತದೆ. ಬೇರಿಗೆ ಬಟನ್ ಆಕಾರದಿಂದ ಹೆಚ್ಚು ಲಾಭವಿಲ್ಲ. ಅಲ್ಲಿ ಮೆದು ರಬ್ಬರ್ ಮತ್ತು ಕಡಿಮೆ ಗಾಳಿ ಕೆಲಸ ಮಾಡುತ್ತವೆ. ಪಾಚಿಗೆ ಯಾವ ಟೈರೂ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಇಲ್ಲ.

ಪೂರ್ತಿ ಕೆಸರಿಗೆ ಅಂತಲೇ ಮಾಡಿದ ಟೈರುಗಳಿವೆ, ಮ್ಯಾಕ್ಸಿಸ್ ಶಾರ್ಟಿ ಅಂಥದ್ದು. ಉದ್ದನೆಯ ಮೊಳೆಯಂಥ ಬಟನ್. ಅಂಥವು ಕೆಸರಲ್ಲಿ ಚೆನ್ನಾಗಿ ಕಚ್ಚುತ್ತವೆ. ಆದರೆ ಗಟ್ಟಿ ಕಲ್ಲು, ಟಾರ್ ಮೇಲೆ ಆ ಉದ್ದ ಬಟನ್ ಬಾಗಿ ಅಲುಗಾಡುತ್ತವೆ. ನನ್ನ ದಾರಿಯಲ್ಲಿ 2 ಕಿಲೋಮೀಟರ್ ಟಾರ್ ಇದೆ, ಮಧ್ಯಾಹ್ನಕ್ಕೆ ಮಣ್ಣೂ ಗಟ್ಟಿಯಾಗುತ್ತದೆ. ಹಾಗಾಗಿ ಅದು ಬೇಡ ಅನ್ನಿಸಿತು. ಮ್ಯಾಕ್ಸಿಸ್ ಹೈ ರೋಲರ್ 2, ಶ್ವಾಲ್ಬೆ ಮ್ಯಾಜಿಕ್ ಮೇರಿ ಇವೆಲ್ಲ ಇನ್ನೊಂದು ಜಾತಿ. ಬಟನ್ ದೊಡ್ಡದು, ಸಂದು ದೊಡ್ಡದು, ಆದರೂ ಗಟ್ಟಿ ನೆಲದಲ್ಲಿ ನಿಲ್ಲುತ್ತವೆ. ನಮ್ಮ ಕಡೆಗೆ ಈ ಜಾತಿಯೇ ಸರಿ ಅಂತ ನನ್ನ ತೀರ್ಮಾನ. ಚಳಿಗಾಲದ ಟೈರ್ ಅಂತ ಹುಡುಕಿದರೆ ಲೋಹದ ಮೊಳೆ ಕೂರಿಸಿದ ಟೈರುಗಳೂ ಕಾಣುತ್ತವೆ. ಅವು ಮಂಜುಗಡ್ಡೆ ಕಟ್ಟುವ ದೇಶಗಳಿಗೆ. ನಮ್ಮಲ್ಲಿ ಎಷ್ಟೇ ಚಳಿ ಬಿದ್ದರೂ ದಾರಿ ಹೆಪ್ಪುಗಟ್ಟುವುದಿಲ್ಲ, ಅದರ ತಂಟೆಗೆ ಹೋಗಬೇಡಿ.

ಆ ನಡುವಿನ ಜಾತಿಯ 27.5 x 2.3 ಟೈರ್ ಒಂದನ್ನು 3,400 ರೂಪಾಯಿಗೆ ತರಿಸಿದೆ. ಟ್ಯೂಬ್‌ಲೆಸ್ ಮಾಡಬಹುದಾದದ್ದು. ಅಳೆದಾಗ ಬಟನ್ 4.5 ಮಿಮೀ, ಸಂದು 11 ಮಿಮೀ. ಉಗುರು ಒತ್ತಿದರೆ ಸ್ವಲ್ಪ ಹೊತ್ತು ಗುರುತು ನಿಲ್ಲುತ್ತದೆ.

ಇಲ್ಲೂ ಒಂದು ತಪ್ಪು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇರುತ್ತದೆ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಕೂರಿಸಿ ತಿರುಗಾ ಮುರುಗಾ ಮಾಡಿದ್ದೆ. ಎರಡು ದಿನ ಹಾಗೇ ತುಳಿದೆ. ಇಷ್ಟು ದುಡ್ಡಿಗೆ ಇಷ್ಟೇನಾ ಅಂತ ಬೇಜಾರಾಗಿತ್ತು. ಹಗಲಲ್ಲಿ ನೋಡಿದಾಗ ಗೊತ್ತಾಯಿತು. ಬಟನ್‌ನ ಒಂದು ಮುಖ ಇಳಿಜಾರು, ಇನ್ನೊಂದು ನೆಟ್ಟಗೆ. ಬ್ರೇಕ್ ಹಿಡಿದಾಗ ನೆಟ್ಟನೆಯ ಮುಖ ಮಣ್ಣಿಗೆ ಎದುರು ನಿಲ್ಲಬೇಕು. ನನ್ನದರಲ್ಲಿ ಇಳಿಜಾರು ಮುಖ ನಿಂತಿತ್ತು. ತಿರುಗಿಸಿ ಹಾಕಿದ ಮೇಲೆ, ಟ್ಯೂಬ್ ಇಟ್ಟುಕೊಂಡೇ 28 ಪಿಎಸ್‌ಐನಲ್ಲಿ, 6.1 ಮೀಟರ್. ಹಿಂದಿನ ಬ್ರೇಕಿಗೆ ಹೊಸ ಪ್ಯಾಡ್ ಬಂದಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಓಣಿಯ ಎರಡನೇ ತಿರುವಿನಲ್ಲಿ ಬಂದ ವ್ಯತ್ಯಾಸಕ್ಕೆ ಟೇಪ್ ಬೇಕಿರಲಿಲ್ಲ. ಇಳಿದು ಹಿಂದೆ ತಿರುಗಿ ನೋಡಿದೆ. ಮಣ್ಣಿನಲ್ಲಿ ಒಂದೊಂದು ಬಟನ್‌ನ ಅಚ್ಚೂ ಕೊರೆದಿಟ್ಟ ಹಾಗೆ ಮೂಡಿತ್ತು. ತುಂಬ ಹೊತ್ತು ಅದನ್ನೇ ನೋಡುತ್ತ ನಿಂತೆ.

ಡಿಸೆಂಬರ್ 30ರಿಂದ ಜನವರಿ 6: ಟ್ಯೂಬ್ ತೆಗೆದದ್ದು

ಬೇರಿನ ಮೇಲೆ ಇನ್ನೂ ಹಿಡಿತ ಬೇಕಿತ್ತು. ಅದಕ್ಕೆ ಗಾಳಿ 22ರ ಹತ್ತಿರ ಇಳಿಯಬೇಕು. ಟ್ಯೂಬ್ ಇದ್ದರೆ ಮತ್ತೆ ಹಾವು ಕಚ್ಚುತ್ತದೆ. ರಿಮ್ಮಿನ ಮೇಲೆ 'ಟ್ಯೂಬ್‌ಲೆಸ್ ರೆಡಿ' ಅಂತ ಇದ್ದದ್ದರಿಂದ ಧೈರ್ಯ ಮಾಡಿದೆ. ಆ ಬರಹ ಇಲ್ಲದ ರಿಮ್ಮಿಗೆ ಇದನ್ನು ಮಾಡಬೇಡಿ. ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಗಾಳಿ ಭುಸ್ಸನೆ ಹೋಗಬಹುದು.

ಮೊದಲ ಪ್ರಯತ್ನ: ರಿಮ್ ಒಳ ಅಗಲ 25, ಆದ್ದರಿಂದ 25 ಮಿಮೀ ಟೇಪ್ ತಂದೆ, 350 ರೂಪಾಯಿ. ಅದು ಅಂಚಿನ ತನಕ ಮುಚ್ಚಲಿಲ್ಲ. ಸೋಪಿನ ನೀರು ಹಾಕಿದರೆ ಕಡ್ಡಿಗಳ ಬುಡದಲ್ಲೆಲ್ಲ ಗುಳ್ಳೆ.

ಎರಡನೇ ಪ್ರಯತ್ನ: 30 ಮಿಮೀ ಟೇಪ್, 420. ರಿಮ್ಮನ್ನು ಸ್ಪಿರಿಟ್‌ನಲ್ಲಿ ಒರೆಸಿ, ಟೇಪ್ ಬಿಗಿಯಾಗಿ ಎಳೆದು, ಹೆಬ್ಬೆರಳಿನಲ್ಲಿ ಒತ್ತುತ್ತ ಒಂದು ಸುತ್ತು ಮತ್ತು ಒಂದು ಗೇಣು ಹಾಕಿದೆ. ಟೇಪ್ ಸರಿಯಾಯಿತು. ಈಗ ವಾಲ್ವಿನ ಬುಡದಲ್ಲಿ ಸೋರಿಕೆ. ನಾನು 600 ರೂಪಾಯಿಗೆ ತಂದದ್ದು ಸಣ್ಣ ಪ್ರೆಸ್ಟಾ ವಾಲ್ವ್ ಜೋಡಿ. ಅದಕ್ಕೆ ಬೇಕಾದ ತೂತು 6.5 ಮಿಮೀ. ನನ್ನ ರಿಮ್ಮಿನದು ಕಾರು ಬೈಕಿನ ಥರದ ವಾಲ್ವಿನ 8.5 ಮಿಮೀ ತೂತು. ಎಷ್ಟು ಬಿಗಿ ಮಾಡಿದರೂ ನಿಲ್ಲಲಿಲ್ಲ.

ಮೂರನೇ ಪ್ರಯತ್ನ: ಅದೇ ದೊಡ್ಡ ಅಳತೆಯ ಟ್ಯೂಬ್‌ಲೆಸ್ ವಾಲ್ವ್ ಸಿಗುತ್ತದೆ ಅಂತ ತಿಳಿದು ಒಂದು ತರಿಸಿದೆ, 380. ಸರಿಯಾಗಿ ಕೂತಿತು. ಮನೆಯ ಪಂಪಿನಲ್ಲಿ ಅಕ್ಕನ ಮಗ ಬೆವರು ಸುರಿಸಿ ಒತ್ತಿದರೂ ಟೈರಿನ ಅಂಚು ರಿಮ್ಮಿಗೆ ಕೂರಲಿಲ್ಲ. ಗಾಳಿ ಒಂದೇ ಸಲ ರಭಸವಾಗಿ ಹೋಗಬೇಕು. ಚಕ್ರವನ್ನು ಜೀಪಿಗೆ ಹಾಕಿಕೊಂಡು ನಾಪೋಕ್ಲಿನ ಪಂಕ್ಚರ್ ಅಂಗಡಿಗೆ ಹೋದೆವು. ದೊಡ್ಡ ವಾಲ್ವ್ ಆದ್ದರಿಂದ ಅವರ ಕಂಪ್ರೆಸರ್ ಪೈಪು ಹಾಗೇ ಕೂತಿತು. ಅಂಚಿಗೆ ಸೋಪಿನ ನೀರು ಸವರಿ ಗಾಳಿ ಬಿಟ್ಟರು. 'ಟಪ್, ಟಪ್' ಅಂತ ಎರಡು ಸದ್ದು, ಟೈರ್ ಕೂತಿತು. 40 ಪಿಎಸ್‌ಐಗೆ ನಿಲ್ಲಿಸಿ ಅಂತ ನಾನು ಗೇಜ್ ಹಿಡಿದೇ ನಿಂತಿದ್ದೆ. ಟೈರ್ ಮೇಲೆ ಬರೆದ ಮಿತಿ ದಾಟಬಾರದು. ಅಂಗಡಿಯವರು 30 ರೂಪಾಯಿ ತಗೊಂಡರು.

ಮನೆಗೆ ಬಂದು ವಾಲ್ವಿನ ಒಳಗಿನ ಪಿನ್ ಬಿಚ್ಚಿ 90 ಮಿಲಿಲೀಟರ್ ಸೀಲೆಂಟ್ (ಸಣ್ಣ ಸೋರಿಕೆಗಳನ್ನು ಒಳಗಿನಿಂದ ಮುಚ್ಚುವ ದ್ರವ) ಹಾಕಿದೆ. 250 ಮಿಲಿಯ ಬಾಟಲಿ 700 ರೂಪಾಯಿ. ಗಾಳಿ 30 ಮಾಡಿ ಚಕ್ರವನ್ನು ಎಲ್ಲಾ ಕಡೆ ಓರೆ ಮಾಡಿ ತಿರುಗಿಸಿದೆ. ಮೊದಲ ರಾತ್ರಿ 30 ಇದ್ದದ್ದು 24ಕ್ಕೆ ಇಳಿಯಿತು. ಎರಡನೇ ರಾತ್ರಿ 28ಕ್ಕೆ. ಮೂರನೇ ದಿನದಿಂದ ಇಳಿಯಲಿಲ್ಲ. ಹಿಂದಿನ ಚಕ್ರಕ್ಕೆ ಟ್ಯೂಬೇ ಇದೆ, 30 ಪಿಎಸ್‌ಐ.

ಮುಂದೆ 22 ಪಿಎಸ್‌ಐನಲ್ಲಿ ಪರೀಕ್ಷೆ: 5.4 ಮೀಟರ್.

ಜನವರಿ 7ರಿಂದ: ತುಳಿಯುವ ಕ್ರಮ ಬದಲಿಸಿದ್ದು

ಟೈರ್ ಬಂತು ಅಂತ ಹಳೆ ಚಾಳಿ ಇಟ್ಟುಕೊಂಡರೆ ಮತ್ತೆ ಬೀಳುತ್ತೇನೆ. ಬ್ರೇಕ್ ತಿರುವಿಗೆ ಮುಂಚೆ, ನೇರ ದಾರಿಯಲ್ಲೇ ಮುಗಿಸುತ್ತೇನೆ. ತಿರುವಿನಲ್ಲಿ ಬೆರಳು ಲಿವರ್ ಮೇಲೆ ಇರುತ್ತದೆ, ಒತ್ತುವುದಿಲ್ಲ. ಬೇರನ್ನು ಆದಷ್ಟು ಅಡ್ಡಕ್ಕೆ, ಕೂಡಿಸುವ ಗುರುತಿನ ಹಾಗೆ ದಾಟುತ್ತೇನೆ. ಬೇರಿನ ಮೇಲೆ ಇರುವಾಗ ಬ್ರೇಕೂ ಇಲ್ಲ, ತುಳಿತವೂ ಇಲ್ಲ. ಸೀಟು 4 ಸೆಂಟಿಮೀಟರ್ ಇಳಿಸಿದ್ದೇನೆ. ಹೆದರಿಕೆ ಆದಾಗ ಮೈ ಹಿಂದಕ್ಕೆ ಹೋಗುತ್ತದೆ ಅಲ್ವಾ, ಆಗ ಮುಂದಿನ ಚಕ್ರ ಹಗುರಾಗಿ ಇನ್ನೂ ಜಾರುತ್ತದೆ. ಎದೆಯನ್ನು ಹ್ಯಾಂಡಲ್ ಕಡೆ ಇಟ್ಟುಕೊಳ್ಳಲು ಎರಡು ವಾರ ಬೇಕಾಯಿತು. ಮೊಣಕಾಲಿಗೆ ಪ್ಯಾಡ್ ತಂದೆ, 1,200.

ಏಳೂವರೆಗೆ ಮುಂಚೆ ಹೊರಡುವುದಿಲ್ಲ. ಸುತ್ತಮುತ್ತ ಆನೆ ಇದೆ ಅಂತ ಸುದ್ದಿ ಬಂದ ದಿನ ಸೈಕಲ್ ಮುಟ್ಟುವುದೇ ಇಲ್ಲ. ಮಂಜಿನಲ್ಲಿ ಸೈಕಲ್ಲಿನ ಸದ್ದು ಯಾರಿಗೂ ಕೇಳುವುದಿಲ್ಲ, ಆನೆಗೂ ಕೇಳುವುದಿಲ್ಲ. ತಿರುವಿಗೆ ಮುಂಚೆ ಬೆಲ್ ಹೊಡೆಯುತ್ತೇನೆ. ಈ ತಿಂಗಳಲ್ಲಿ ಕಾಫಿ ಕೊಯ್ಲಿಗೆ ಬರುವವರು ಚೀಲ ಹೊತ್ತು ಅದೇ ಓಣಿಯಲ್ಲಿ ಹತ್ತಿ ಬರುತ್ತಾರೆ. ಅವರು ಕಂಡರೆ ಇಳಿದು ಬದಿಗೆ ನಿಲ್ಲುವುದು ನಾನು.

ಜನವರಿ 14: ಮೆಟ್ಟಿಲು

ಪಟ್ಟಿಯಲ್ಲಿದ್ದ ಮೂರು ಪಾಚಿ ಕಲ್ಲು ಅಂದರೆ ಆ ಮೂರು ಮೆಟ್ಟಿಲುಗಳೇ. ಟ್ಯೂಬ್ ಸೀಳಿದ ಮೇಲೆ ಅಲ್ಲಿ ಪ್ರತಿ ಸಲ ಇಳಿದು ನಡೆಯುತ್ತಿದ್ದೆ. ಸೈಕಲ್ ಹಿಡಿದು ನಡೆದರೂ ಚಪ್ಪಲಿ ಜಾರುತ್ತಿತ್ತು. ಆ ಓಣಿ ಪಕ್ಕದ ಮನೆಯವರದ್ದು. ಉಜ್ಜಲೇ ಅಂತ ಅಲ್ಲಿನ ಅಜ್ಜಿಯನ್ನು ಕೇಳಿದೆ. "ನನ್ನ ಕಾಲೂ ಅಲ್ಲೇ ಜಾರುತ್ತೆ ಮಗಾ, ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ಉಜ್ಜು" ಅಂದರು. ತಂತಿ ಬ್ರಷ್, ಮರಳು, ಎರಡು ಕೊಡ ನೀರು. ಕೆಳಗೆ ಕೊಲ್ಲಿ ಇರುವುದರಿಂದ ಪುಡಿಗಿಡಿ ಏನೂ ಹಾಕಲಿಲ್ಲ. ನಾನು ಮತ್ತು ಅಕ್ಕನ ಮಗ ಸೇರಿ ಎರಡು ಗಂಟೆ ಉಜ್ಜಿದೆವು. ಹಸಿರು ಹೋಗಿ ಕಲ್ಲಿನ ಉಳಿಯ ಗೆರೆಗಳು ಕಂಡವು. ಅಜ್ಜಿ ಕೋಲು ಹಿಡಿದು ಬಂದು ಒಂದೊಂದೇ ಮೆಟ್ಟಿಲು ಇಳಿದು, ಮತ್ತೆ ಹತ್ತಿ ನೋಡಿದರು.

ಖರ್ಚು

ಗೇಜ್ 850, ಟ್ಯೂಬ್ 320, ತಪ್ಪು ಟೈರ್ 2,800, ಪ್ಯಾಡ್ 450, ಸ್ಪಿರಿಟ್ 180, ಸರಿಯಾದ ಟೈರ್ 3,400, ಟೇಪ್ 350 ಮತ್ತು 420, ವಾಲ್ವ್ 600 ಮತ್ತು 380, ಸೀಲೆಂಟ್ 700, ಕಂಪ್ರೆಸರ್ 30, ಮೊಣಕಾಲು ಪ್ಯಾಡ್ 1,200. ಒಟ್ಟು 11,680 ರೂಪಾಯಿ. ಅದರಲ್ಲಿ ಟ್ಯೂಬ್, ತಪ್ಪು ಟೈರ್, ಬ್ರೇಕ್ ಪ್ಯಾಡ್, ಸ್ಪಿರಿಟ್, ಮೊದಲ ಟೇಪ್, ಮೊದಲ ವಾಲ್ವ್ ಸೇರಿ 4,700 ನನ್ನ ತಪ್ಪಿನದು. ದುಡ್ಡು ಕಡಿಮೆ ಇದ್ದವರು ಗೇಜ್ ಮತ್ತು ಮುಂದಿನ ಟೈರ್ ಎರಡೇ ತಗೊಳ್ಳಿ, 4,250 ಆಗುತ್ತದೆ. ನನ್ನ ಪರೀಕ್ಷೆಯಲ್ಲಿ 9.2 ಮೀಟರಿನಿಂದ 6.1ಕ್ಕೆ ಬಂದದ್ದು ಹೆಚ್ಚುಕಮ್ಮಿ ಅವೆರಡರಿಂದಲೇ.

ಜನವರಿ 21

ಸೀಲೆಂಟ್ ಒಣಗಿದೆಯಾ ಅಂತ ಏಪ್ರಿಲ್‌ನಲ್ಲಿ ಒಮ್ಮೆ ಬಿಚ್ಚಿ ನೋಡಬೇಕು. ಅಟ್ಟದ ಟೈರನ್ನು ದಾರಿ ಒಣಗಿದ ಮೇಲೆ ಹಿಂದಕ್ಕೆ ಹಾಕುತ್ತೇನೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಆಗ ತೋಟದ ದಾರಿ ಮತ್ತೆ ಇದೇ ಥರ ಆಗುತ್ತದೆ. ಆದ್ದರಿಂದ ಮುಂದಿನದನ್ನು ಬಿಚ್ಚುವುದಿಲ್ಲ. ಅಕ್ಕನ ಮಗನ ಸೈಕಲ್ಲಿನ ಮುಂದಿನ ಚಕ್ರ ಈಗ ಕಣದಲ್ಲಿ ಬಿಚ್ಚಿಟ್ಟಿದೆ. ಅದರ ವಾಲ್ವ್ ತೂತು ಅಳೆದಿದ್ದೇವೆ, 6.5. ನನ್ನ ಪ್ರೆಸ್ಟಾ ವಾಲ್ವ್ ಅವನಿಗೆ ಬಂತು. ಟೈರ್ ಬುಧವಾರ ಬರುತ್ತದೆ.